ಆನೆ ದಾಟಿದ ಮೇಲೆ ಬರುವ ಸುದ್ದಿ

ಆನೆಯ ಲದ್ದಿ ತನ್ನ ವಯಸ್ಸನ್ನು ಮುಚ್ಚಿಡುವುದಿಲ್ಲ. ಈಗಷ್ಟೇ ಬಿದ್ದದ್ದಾದರೆ ಅಂಗೈ ಹತ್ತಿರ ಹಿಡಿದರೂ ಕಾವು ತಾಗುತ್ತದೆ. ಮೇಲ್ಮೈ ಒದ್ದೆಯಾಗಿ ಹೊಳೆಯುತ್ತದೆ, ನೊಣ ಮುತ್ತಿಕೊಂಡಿರುತ್ತದೆ. ಬಿಸಿಲಿಗೆ ಕೆಲವು ಗಂಟೆ ಬಿದ್ದಿದ್ದರೆ ಹೊಳಪು ಆರಿ ಹೊರಗಿನ ನಾರು ಬಿಳಿಚಿಕೊಳ್ಳುತ್ತದೆ, ಕಡ್ಡಿಯಿಂದ ಬಿಡಿಸಿದರೆ ಒಳಗೆ ಇನ್ನೂ ಹಸಿ. ಸಗಣಿಹುಳುಗಳು ಅಡಿಯಿಂದ ಮಣ್ಣೆಬ್ಬಿಸಿ ರಾಶಿಯನ್ನು ಚದುರಿಸಿದ್ದರೆ ಆನೆ ಹೋಗಿ ಬಹಳ ಹೊತ್ತಾಗಿದೆ. ಹೆಜ್ಜೆಯೂ ಹಾಗೆಯೇ. ಸುತ್ತ ಹುಲ್ಲೆಲ್ಲ ಇಬ್ಬನಿಯಲ್ಲಿ ತೊಯ್ದಿದ್ದು, ಆನೆ ನಡೆದ ಜಾಡಿನಲ್ಲಿ ಮಾತ್ರ ಇಬ್ಬನಿ ಉದುರಿದ್ದರೆ ಅದು ಬೆಳಗಿನ ನಡಿಗೆ. ಹೆಜ್ಜೆಯ ಗುಂಡಿಗೆ ಅಡ್ಡವಾಗಿ ಜೇಡ ಬಲೆ ಕಟ್ಟಿದ್ದರೆ ಹಳೆಯದು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿ ಮಾಡಿದರೆ ಆನೆಯ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ಹಾಸನ ಜಿಲ್ಲೆಯ ಬಿಕ್ಕೋಡಿನ ಸುತ್ತಲಿನ ಕಾಫಿ ತೋಟಗಳಲ್ಲಿ ಲದ್ದಿ ನೋಡಿ ಹೊತ್ತು ಹೇಳಲಾರದ, ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿ ಅಪರೂಪ.

ಈಗ ಅದೇ ಜನ ಬೆಳಿಗ್ಗೆ ಎದ್ದು ಮೊದಲು ನೋಡುವುದು ಫೋನನ್ನು. ಆನೆ ಎಲ್ಲಿದೆ ಎಂಬ ಸುದ್ದಿ ಅಲ್ಲಿಗೆ ಬಂದಿರುತ್ತದೆ. ಆದರೆ ಆ ಸುದ್ದಿಗೆ ಎಷ್ಟು ವಯಸ್ಸಾಗಿದೆ ಎಂದು ಪರದೆ ನೋಡಿ ಹೇಳುವುದು ಲದ್ದಿ ನೋಡಿ ಹೇಳಿದಷ್ಟು ಸುಲಭವಲ್ಲ. ಹಕ್ಕಿ ನೋಡಲೆಂದು ಈ ತೋಟಗಳಲ್ಲಿ ತಿರುಗುವ ನಾನು, ಆನೆಯ ಸುದ್ದಿ ಒಂದು ಫೋನಿನಿಂದ ಇನ್ನೊಂದಕ್ಕೆ ಹೇಗೆ ನಡೆದು ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನೂ ಗಮನಿಸುತ್ತ ಬಂದಿದ್ದೇನೆ.

ಮೊದಲು ನೆಲದ ಮಾತು. ಅರಸೀಕೆರೆ, ಹಳೇಬೀಡಿನ ಕಡೆಯಿಂದ ಬರುವವರಿಗೆ ಬೇಲೂರಿನವರೆಗೂ ಬಯಲು. ತೆಂಗು, ರಾಗಿ ಹೊಲ, ಕಣ್ಣಿಗೆ ಎಟಕುವ ದೂರದವರೆಗೆ ತೆರೆದ ಆಕಾಶ. ಬೇಲೂರು ದಾಟಿ ಸಕಲೇಶಪುರದ ದಾರಿ ಹಿಡಿದು ಬಿಕ್ಕೋಡಿನ ಹತ್ತಿರ ಬರುತ್ತಿದ್ದಂತೆ ಆಕಾಶ ಕಿರಿದಾಗುತ್ತದೆ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಹಲಸು, ಅತ್ತಿ, ಬೈನೆ, ಕೆಳಗೆ ಕಾಫಿ. ದಿಣ್ಣೆಯ ಮೇಲೆ ಫೋನಿಗೆ ಸಿಗ್ನಲ್ ಚೆನ್ನಾಗಿರುತ್ತದೆ. ತಗ್ಗಿನ ಗದ್ದೆಯ ಅಂಚಿಗೆ ಇಳಿದರೆ ಒಂದು ಗೆರೆ ಬಂದು ಹೋಗುತ್ತದೆ. ಆನೆಗಳು ಹಗಲು ನಿಲ್ಲುವುದು ಅಂಥ ತಗ್ಗಿನಲ್ಲೇ. ನೆರಳು, ತೋಟದ ಕೆರೆಯ ನೀರು, ಜನರ ಓಡಾಟ ಕಡಿಮೆ, ಎಲ್ಲವೂ ಅಲ್ಲಿ ಒಟ್ಟಿಗಿವೆ. ಎಚ್ಚರಿಕೆಯ ಸುದ್ದಿ ಎಲ್ಲಿ ತೀರಾ ಅಗತ್ಯವೋ ಅಲ್ಲೇ ಅದು ತಲುಪುವುದು ಕಷ್ಟ.

ಈ ಆನೆಗಳು ಕಾಡಿನಿಂದ ಆಗಾಗ ಬಂದುಹೋಗುವ ಅತಿಥಿಗಳಲ್ಲ. ತೋಟಗಳಲ್ಲೇ ಮರಿ ಹಾಕಿ, ತೋಟಗಳಲ್ಲೇ ಬೆಳೆದವು ಇವೆ. ಹೈಕೋರ್ಟ್ ಸೂಚನೆಯಂತೆ ರಚನೆಯಾದ, ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಕೊಟ್ಟ ವರದಿ ರಾಜ್ಯದ ಆನೆ ನೆಲೆಗಳನ್ನು ಸಂರಕ್ಷಣೆಯ ವಲಯ, ಸಹಬಾಳ್ವೆಯ ವಲಯ, ಆನೆಗಳನ್ನು ತೆರವು ಮಾಡಬೇಕಾದ ವಲಯ ಎಂದು ವಿಂಗಡಿಸಿತ್ತು. ಆಲೂರು–ಸಕಲೇಶಪುರ ಭಾಗ ತೆರವಿನ ಪಟ್ಟಿಗೆ ಸೇರಿತು. 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರು. ಬಿಟ್ಟುಹೋದ ಜಾಗಕ್ಕೆ ಬೇರೆ ಆನೆಗಳು ಬಂದವು. ಹಿಡಿಯುವ ಕೆಲಸ ಮುಂದುವರಿಯಿತು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಅಂಥ ಕಾರ್ಯಾಚರಣೆಯಲ್ಲೇ ದಸರಾ ಆನೆ ಅರ್ಜುನ ಸತ್ತದ್ದನ್ನು ನಾಡೆಲ್ಲ ಕಂಡಿದೆ. 2025ರ ಮೊದಲ ತಿಂಗಳುಗಳಲ್ಲಿ ಬೇಲೂರು ತಾಲ್ಲೂಕಿನಲ್ಲಿ ಸಾವಿನ ಮೇಲೆ ಸಾವು ಕಂಡು ಜನ ಬೀದಿಗಿಳಿದರು. ಸತ್ತವರಲ್ಲಿ ಬಹುಪಾಲು ತೋಟದ ಕೆಲಸಕ್ಕೆ ಹೊರಟವರು ಅಥವಾ ಮನೆಯ ಹತ್ತಿರದ ದಾರಿಯಲ್ಲಿದ್ದವರು. ಅವರಿಗೆ ಬೇಕಿದ್ದದ್ದು ಒಂದೇ ಒಂದು ಮಾತು, ಸರಿಯಾದ ಹೊತ್ತಿಗೆ.

ಆ ಮಾತನ್ನು ತಲುಪಿಸುವ ಪ್ರಯತ್ನಗಳಲ್ಲಿ ಹೆಸರಾದದ್ದು ತಮಿಳುನಾಡಿನ ವಾಲ್ಪಾರೈ. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಎಂ. ಆನಂದಕುಮಾರ್ ಮತ್ತು ಜೊತೆಗಾರರು ಅಲ್ಲಿನ ಚಹಾ ತೋಟಗಳಲ್ಲಿ ಮೊದಲು ಕೇಬಲ್ ಟಿವಿಯ ಅಡಿಬರಹದಲ್ಲಿ, ಆಮೇಲೆ ಎಸ್‌ಎಂಎಸ್‌ನಲ್ಲಿ ಆನೆಯ ಜಾಗ ತಿಳಿಸತೊಡಗಿದರು. ಎತ್ತರದ ಕಂಬದ ಮೇಲೆ ಕೆಂಪು ದೀಪ ಇಟ್ಟು, ಮೊಬೈಲ್ ಕರೆಯಿಂದ ಅದನ್ನು ಹೊತ್ತಿಸುವ ಏರ್ಪಾಟು ಮಾಡಿದರು. ಈ ಕೆಲಸಕ್ಕೆ ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಅದೇ ಸಂಸ್ಥೆ ಅರಣ್ಯ ಇಲಾಖೆಯ ಜೊತೆಗೂಡಿ ಹಾಸನ ಜಿಲ್ಲೆಗೂ ಎಸ್‌ಎಂಎಸ್, ಧ್ವನಿ ಕರೆ, ರಸ್ತೆಬದಿಯ ಡಿಜಿಟಲ್ ಫಲಕಗಳನ್ನು ತಂದಿತು. 2022ರ ಕೊನೆಗೆ ಸರ್ಕಾರ ಮೈಸೂರು, ಕೊಡಗು, ಹಾಸನ, ಚಿಕ್ಕಮಗಳೂರಿಗೆ ಆನೆ ಕಾರ್ಯಪಡೆಗಳನ್ನು ಕೊಟ್ಟಿತು. ಈ ಪಡೆಗಳ ಹುಡುಗರು ಹಿಂಡಿನ ಬೆನ್ನು ಹಿಡಿದು ನಡೆಯುತ್ತಾರೆ. ಕೆಲವು ಹೆಣ್ಣಾನೆಗಳ ಕೊರಳಲ್ಲಿ ರೇಡಿಯೊ ಕಾಲರ್ ಇದೆ. ಕಾಲರ್ ಇಂತಿಷ್ಟು ಹೊತ್ತಿಗೊಮ್ಮೆ ತಾನಿರುವ ಜಾಗ ಕಳಿಸುತ್ತದೆ. ಪದೇಪದೇ ಕಳಿಸಿದರೆ ಬ್ಯಾಟರಿ ಬೇಗ ಮುಗಿಯುತ್ತದೆ, ಅಪರೂಪಕ್ಕೆ ಕಳಿಸಿದರೆ ಅಷ್ಟರಲ್ಲಿ ಆನೆ ಎರಡು ತೋಟ ದಾಟಿರುತ್ತದೆ. ಒಂಟಿ ಸಲಗಕ್ಕೆ ಹೆಚ್ಚಾಗಿ ಕಾಲರ್ ಇರುವುದೇ ಇಲ್ಲ, ಅದರ ದಾರಿಯನ್ನು ಮನುಷ್ಯರೇ ನೋಡಿ ಹೇಳಬೇಕು.

ಹೇಳುವುದು ಊರಿನ ಸಂದೇಶ ಗುಂಪುಗಳಲ್ಲಿ. ಗುಂಪಿನಿಂದ ಗುಂಪಿಗೆ ಸುದ್ದಿ ದಾಟುವಾಗ ಏನಾಗುತ್ತದೆ ಎಂಬುದನ್ನು ತಾಳ್ಮೆಯಿಂದ ನೋಡಬೇಕು. ಒಬ್ಬರು ಮುಂಜಾನೆ ಆನೆ ನೋಡಿ ಬರೆಯುತ್ತಾರೆ. ಮಧ್ಯಾಹ್ನ ಅದನ್ನು ಮತ್ತೊಬ್ಬರು ಬೇರೆ ಗುಂಪಿಗೆ ರವಾನಿಸುತ್ತಾರೆ. ರವಾನಿಸಿದ ಕೂಡಲೇ ಅದಕ್ಕೆ ಮಧ್ಯಾಹ್ನದ ಗಂಟೆ ಅಂಟಿಕೊಳ್ಳುತ್ತದೆ. ಮುಂಜಾನೆಯ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಸಂಜೆ ಸಂತೆಯಿಂದ ಮರಳುವವರು ಅದನ್ನು ಓದಿ ಹತ್ತಿರದ ದಾರಿ ಬಿಟ್ಟು ಬಳಸು ದಾರಿ ಹಿಡಿಯುತ್ತಾರೆ, ಆನೆ ಈಗ ಇರುವುದು ಆ ಬಳಸು ದಾರಿಯಲ್ಲೇ ಇರಬಹುದು. ಅದಕ್ಕೇ ಇಲ್ಲಿ ಸುದ್ದಿ ಓದಿದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ, “ಸಾರ್, ಇದು ಯಾವಾಗಿನ ಮೆಸೇಜು?” ಅರೇಹಳ್ಳಿ ಕಡೆಯ ಒಬ್ಬ ರೈಟರ್ ನನಗೆ ಹೇಳಿದ ಮಾತು ಇನ್ನೂ ಸ್ಪಷ್ಟವಾಗಿದೆ: “ಆನೆ ಎಲ್ಲೈತೆ ಅನ್ನೋದು ಆಮೇಲೆ. ಎಷ್ಟೊತ್ತಿಗೆ ನೋಡಿದ್ರು ಅಂತ ಮೊದ್ಲು ಹೇಳ್ಬೇಕು.” ಸಾಮಾಜಿಕ ಜಾಲತಾಣ ಕಟ್ಟುವ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

ದೊಡ್ಡ ಕಂಪನಿಯ ಗುಂಪು ಬಿಟ್ಟು ನಮ್ಮದೇ ಜಾಲ ಮಾಡಿಕೊಳ್ಳಬಾರದೇಕೆ ಎಂದು ಓದಿದ ಯುವಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜರ್ಮನಿಯ ಓಯ್ಗನ್ ರೋಚ್ಕೊ 2016ರಲ್ಲಿ ಹೊರತಂದ ಮಾಸ್ಟೊಡಾನ್ ಇಂಥ ವಿಕೇಂದ್ರೀಕೃತ ಜಾಲಗಳಲ್ಲಿ ಹೆಸರಾದದ್ದು. ಆನೆಗಳ ದೂರದ ಬಂಧುವಾಗಿದ್ದು, ಅಳಿದುಹೋದ ಪ್ರಾಣಿಯ ಹೆಸರೇ ಅದರ ಹೆಸರು. ಅದಕ್ಕೆ ಒಬ್ಬ ಒಡೆಯನಿಲ್ಲ. ಬೇರೆ ಬೇರೆ ಜನ ನಡೆಸುವ ಸಾವಿರಾರು ಸರ್ವರ್‌ಗಳು ಆಕ್ಟಿವಿಟಿಪಬ್ ಎಂಬ ಸಾಮಾನ್ಯ ನಿಯಮದಲ್ಲಿ ಒಂದಕ್ಕೊಂದು ಮಾತಾಡುತ್ತವೆ. ಆ ನಿಯಮಕ್ಕೆ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಮನ್ನಣೆ ಕೊಟ್ಟಿತು. 2019ರಲ್ಲಿ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ ಭಾರತದ ಬಹಳ ಮಂದಿ ಮಾಸ್ಟೊಡಾನ್‌ಗೆ ಹೋದರು. ಕನ್ನಡದಲ್ಲೇ ಮೊದಲು ಶುರುವಾದ ಬೆಂಗಳೂರಿನ ‘ಕೂ’ ಜಾಲತಾಣ 2024ರ ಜುಲೈನಲ್ಲಿ ಮುಚ್ಚಿದಾಗ, ಒಬ್ಬರ ಕೈಯಲ್ಲಿರುವ ಜಾಲ ಒಂದೇ ದಿನದಲ್ಲಿ ಇಲ್ಲವಾಗಬಹುದು ಎಂಬುದೂ ಗೊತ್ತಾಯಿತು. ಹಕ್ಕಿ ಟಿಪ್ಪಣಿ ಬರೆಯಲು ನಾನು ಬಳಸುವುದು ಇಂಥ ಜಾಲವನ್ನೇ. ಅದರ ಸ್ವಾತಂತ್ರ್ಯ ನನಗೆ ನಿಜವಾಗಿಯೂ ಪ್ರಿಯ. ಜಾಹೀರಾತು ಇಲ್ಲ, ಯಾರನ್ನು ಕೆರಳಿಸಿದರೆ ಹೆಚ್ಚು ಓದುತ್ತಾರೆ ಎಂಬ ಲೆಕ್ಕಾಚಾರ ಇಲ್ಲ, ಬರೆದದ್ದು ಬರೆದ ಹೊತ್ತಿನ ಕ್ರಮದಲ್ಲೇ ಬರುತ್ತದೆ.

ಆದರೆ ಬಿಕ್ಕೋಡಿನ ತಗ್ಗಿನಲ್ಲಿ ನಿಂತು ನೋಡಿದರೆ ಆ ಕ್ರಮದಲ್ಲೇ ತೊಡಕು ಕಾಣುತ್ತದೆ. ನಾನು ಬರೆದದ್ದು ಮೊದಲು ನನ್ನ ಸರ್ವರ್‌ನ ಸರತಿ ಸಾಲಿನಲ್ಲಿ ನಿಲ್ಲುತ್ತದೆ. ಅಲ್ಲಿಂದ, ನನ್ನನ್ನು ಓದುವವರು ಇರುವ ಒಂದೊಂದು ಸರ್ವರ್‌ಗೂ ಬೇರೆಬೇರೆಯಾಗಿ ಹೋಗಬೇಕು. ಆ ಕಡೆಯದು ಮಲಗಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಟ್ಟುತ್ತದೆ, ಆಮೇಲೆ ಇನ್ನೂ ಹೆಚ್ಚು ಹೊತ್ತು ಬಿಟ್ಟು. 2022ರ ಅಕ್ಟೋಬರ್ ಕೊನೆಗೆ ಟ್ವಿಟರ್ ಕೈ ಬದಲಾಗಿ ಮಾಸ್ಟೊಡಾನ್‌ಗೆ ಜನ ನುಗ್ಗಿದಾಗ, ತಿಂಗಳಿಗೆ ಬಳಸುವವರ ಸಂಖ್ಯೆ ಕೆಲವೇ ವಾರಗಳಲ್ಲಿ ಸುಮಾರು 25 ಲಕ್ಷಕ್ಕೆ ಏರಿತು. ಸರತಿ ಸಾಲುಗಳು ಉದ್ದವಾಗಿ ಹಲವು ಸರ್ವರ್‌ಗಳಲ್ಲಿ ಬರಹಗಳು ಗಂಟೆಗಟ್ಟಲೆ ತಡವಾಗಿ ತಲುಪಿದವು. ಹೀಗೆ ತಡವಾಗಿ ಬಂದ ಬರಹ ಓದುವವರ ಪರದೆಯಲ್ಲಿ ಮೇಲೆ ಬರುವುದಿಲ್ಲ. ಅದು ಹುಟ್ಟಿದ ಹೊತ್ತಿಗೆ ಸೇರಬೇಕಾದ ಜಾಗದಲ್ಲಿ, ನಾವು ಆಗಲೇ ಓದಿ ದಾಟಿದ ಸಾಲುಗಳ ನಡುವೆ ಸದ್ದಿಲ್ಲದೆ ತೂರಿಕೊಳ್ಳುತ್ತದೆ. ಗುಂಪಿನಲ್ಲಿ ರವಾನೆಯಾದ ಸುದ್ದಿ ಹಳತಾಗಿದ್ದೂ ಹೊಸದಾಗಿ ಕಾಣುತ್ತದೆ. ಮಾಸ್ಟೊಡಾನ್‌ನಲ್ಲಿ ನಮಗೆ ಹೊಸದಾದ ಸುದ್ದಿ ಕಾಣುವುದೇ ಇಲ್ಲ. ಕೆಲಸದವರ ಲೈನ್ ಮನೆಯಿಂದ ಬೆಳಿಗ್ಗೆ ಕುಯ್ಲಿಗೆ ಹೊರಡುವವರಿಗೆ ಎರಡೂ ಅಪಾಯವೇ.

ಉತ್ತರಗಳ ವಿಷಯ ಇನ್ನೂ ಗಂಭೀರ. “ಶಾಲೆಯ ಹಿಂದೆ ಸಲಗ ನಿಂತಿದೆ” ಎಂದು ಒಬ್ಬರು ಬರೆದರು ಎನ್ನಿ. ಅರ್ಧ ಗಂಟೆಯ ನಂತರ ಇನ್ನೊಂದು ಸರ್ವರ್‌ನವರು ಅದಕ್ಕೇ ಉತ್ತರವಾಗಿ “ಈಗ ಗದ್ದೆ ದಾಟಿ ಕೆರೆ ಏರಿಗೆ ಬಂತು” ಎಂದರು. ಮೂರನೆಯ ಸರ್ವರ್‌ನಲ್ಲಿರುವವರಿಗೆ ಮೊದಲ ಮಾತು ಕಂಡು ಎರಡನೆಯದು ಕಾಣದೇ ಇರಬಹುದು. ಆ ಉತ್ತರ ಅವರ ಸರ್ವರ್‌ಗೆ ತಲುಪಲು ಬೇರೆ ಕಾರಣ ಬೇಕು, ಉದಾಹರಣೆಗೆ ಅಲ್ಲಿ ಯಾರಾದರೂ ಉತ್ತರಿಸಿದವರನ್ನು ಹಿಂಬಾಲಿಸುತ್ತಿರಬೇಕು. ಪರದೆ ಮಾತ್ರ ಏನೂ ಉಳಿದಿಲ್ಲವೆಂಬಂತೆ ಸುಮ್ಮನಿರುತ್ತದೆ. ಈ ಕೊರತೆಯನ್ನು ತುಂಬುವ ಕೆಲಸ ಇತ್ತೀಚಿನ ಆವೃತ್ತಿಗಳಲ್ಲಿ ನಡೆದಿದೆ ಎಂಬುದು ಸಮಾಧಾನ. ಸಿನಿಮಾ ಚರ್ಚೆಯಲ್ಲಿ ಒಂದು ಉತ್ತರ ತಪ್ಪಿದರೆ ನಷ್ಟವಿಲ್ಲ. ಇಲ್ಲಿ ತಿದ್ದುಪಡಿಯೇ ಸುದ್ದಿ.

ಹೊಸಬರು ಸೇರುವಾಗ ಎದುರಾಗುವ ಮೊದಲ ಪುಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಯಾವ ಸರ್ವರ್ ಎಂದು ಆರಿಸಿಕೊಳ್ಳಿ ಎಂದರೆ ತೋಟದ ಕೆಲಸದವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಪುಟದ ಭಾರದ ಸಮಸ್ಯೆ ಅದಕ್ಕಿಂತ ದೊಡ್ಡದು. ಒಂದು ಸಾಲು ಓದಲು ಇಡೀ ಯಂತ್ರದಷ್ಟು ಕೋಡ್ ಫೋನಿಗೆ ಇಳಿಯಬೇಕು. ಸಿಗ್ನಲ್ ಬಂದುಹೋಗುವ ಕಡೆ ಬಿಳಿ ಪರದೆ ತಿರುಗುತ್ತಲೇ ಇರುತ್ತದೆ. ಚಿತ್ರ ಬರುವ ಮುನ್ನ ಅದರ ಬಣ್ಣಗಳ ಮಸುಕು ತೋರಿಸುವ ಜಾಣತನ ಮಾಸ್ಟೊಡಾನ್‌ನಲ್ಲಿದೆ. ಪೇಟೆಯಲ್ಲಿ ಅದು ಚಂದ. ಕಾಫಿ ಗಿಡದ ಮರೆಯಲ್ಲಿ ಸಂಜೆ ತೆಗೆದ ಆನೆಯ ಚಿತ್ರ ಮಾತ್ರ ಹಸಿರು ಮತ್ತು ಬೂದು ಬಣ್ಣದ ಮಸುಕಾಗಿಯೇ ಉಳಿದು, ಅದು ಆನೆಯೋ ಬಂಡೆಯೋ ತಿಳಿಯದು.

ಹಳೆಯ ಎಸ್‌ಎಂಎಸ್ ಇಂಥ ಕಡೆ ಹೆಚ್ಚು ನಂಬಿಕಸ್ಥ. ಅದಕ್ಕೆ ತೆಳುವಾದ ಸಿಗ್ನಲ್ ಸಾಕು. ಆದರೆ ಅದೂ ಕನ್ನಡಕ್ಕೆ ಕೈ ಬಿಗಿ ಹಿಡಿಯುತ್ತದೆ: ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಅದರಲ್ಲೂ ಕಾಗುಣಿತ, ಒತ್ತು ಎಲ್ಲ ಬೇರೆಬೇರೆ ಎಣಿಕೆ. ‘ಬಿಕ್ಕೋಡು’ ಎಂದು ಬರೆದರೆ ನಮ್ಮ ಕಣ್ಣಿಗೆ ಮೂರು ಅಕ್ಷರ, ಯಂತ್ರಕ್ಕೆ ಎಂಟು. ಊರು, ತೋಟ, ಹೊತ್ತು, ಎಷ್ಟು ಆನೆ, ಯಾವ ಕಡೆ ಮುಖ ಮಾಡಿವೆ, ಇಷ್ಟನ್ನು ಎಪ್ಪತ್ತರಲ್ಲಿ ಹೇಳುವುದು ಕಲಿಯಬೇಕಾದ ವಿದ್ಯೆ. ಇಷ್ಟು ಮಾಡಿದರೂ ಓದುವವರು ಯಾರು? ಇಂದು ಈ ತೋಟಗಳಲ್ಲಿ ಕಾಫಿ ಕೊಯ್ಯುವವರಲ್ಲಿ ಅಸ್ಸಾಮಿನಿಂದ ಬಂದವರು ಬಹಳ. ಅವರಿಗೆ ಕನ್ನಡ ಮಾತು ಅಲ್ಪಸ್ವಲ್ಪ ಬಂದರೂ ಲಿಪಿ ಬಾರದು. ಆನೆಗೆ ತೀರ ಹತ್ತಿರ ಕೆಲಸ ಮಾಡುವವರು ಅವರೇ. ಕಂಬದ ಕೆಂಪು ದೀಪಕ್ಕೆ ಲಿಪಿ ಬೇಡ, ಫೋನೂ ಬೇಡ. ಉರಿಯುತ್ತಿದ್ದರೆ ಆನೆ ಹತ್ತಿರದಲ್ಲಿದೆ, ಅಷ್ಟೇ. ಆನೆ ಹೋದ ಮೇಲೆ ಅದನ್ನು ಆರಿಸುವವರು ಮರೆಯಬಾರದು. ಹಗಲಿರುಳೂ ಉರಿಯುವ ದೀಪವನ್ನು ಜನ ಬೇಗ ಕಡೆಗಣಿಸುತ್ತಾರೆ. ಆದರೂ ನಾನು ಕಂಡ ವಿನ್ಯಾಸಗಳಲ್ಲೆಲ್ಲ ಈ ಕೆಂಪು ದೀಪಕ್ಕೆ ಮೊದಲ ಸ್ಥಾನ ಕೊಡುತ್ತೇನೆ.

ತೋಟದಲ್ಲಿ ಮನುಷ್ಯರದಲ್ಲದ ಜಾಲಗಳೂ ಇವೆ, ಅವುಗಳ ವೇಗ ನೋಡಿದಷ್ಟೂ ಬೆರಗು. ಗಿಡುಗದ ನೆರಳು ಬಿದ್ದೊಡನೆ ಭೀಮರಾಜ ಕೂಗುತ್ತದೆ. ಹರಟೆಮಲ್ಲಗಳು ಗಿಡದೊಳಗೆ ಮುಳುಗುತ್ತವೆ, ಅಳಿಲು ಕಾಂಡಕ್ಕೆ ಅಂಟಿ ಹೆಪ್ಪುಗಟ್ಟುತ್ತದೆ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಎಬೆನ್ ಗೂಡೇಲ್ ಮತ್ತು ಸರತ್ ಕೋಟಗಾಮ ಗಮನಿಸಿದಂತೆ, ಭೀಮರಾಜ ಅಪಾಯದ ಹೊತ್ತಿನಲ್ಲಿ ಇತರ ಪ್ರಾಣಿಪಕ್ಷಿಗಳ ಎಚ್ಚರಿಕೆಯ ಕೂಗನ್ನೂ ಅನುಕರಿಸುತ್ತದೆ. ಆ ಕೂಗು ಬಾಳುವುದು ಕೆಲವೇ ಕ್ಷಣ. ಗಿಡುಗ ಹೋದ ಮೇಲೆ ನಿನ್ನೆಯ ಕೂಗು ಎಲ್ಲಿಯೂ ಉಳಿದಿರುವುದಿಲ್ಲ. ಆನೆಗಳ ಎಷ್ಟೋ ಮಾತು ನಮ್ಮ ಕಿವಿಗೇ ಬೀಳುವುದಿಲ್ಲ. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ಕುಳಿತಿದ್ದ ಕೇಟಿ ಪೇನ್ ಅವರಿಗೆ ಗಾಳಿಯಲ್ಲಿ ಒಂದು ಅದುರು ಅನುಭವಕ್ಕೆ ಬಂತು. ಧ್ವನಿಮುದ್ರಿಸಿ ನೋಡಿದಾಗ 14ರಿಂದ 24 ಹರ್ಟ್ಜ್‌ನ ಕೂಗುಗಳು ಸಿಕ್ಕವು. ಮನುಷ್ಯನ ಕಿವಿ 20ರ ಕೆಳಗಿನದನ್ನು ಹಿಡಿಯಲಾರದು. ಅಂಥ ತಗ್ಗು ಸ್ವರ ಗಿಡಮರಗಳ ನಡುವೆ ಹೆಚ್ಚು ಸವೆಯದೆ ಕಿಲೋಮೀಟರ್‌ಗಟ್ಟಲೆ ಸಾಗುತ್ತದೆ. ಎರಡು ತೋಟಗಳಲ್ಲಿ ಒಡೆದು ಮೇಯುವ ಹಿಂಡು ಕತ್ತಲಾಗುವಾಗ ಒಂದೇ ಗದ್ದೆಯಂಚಿನಲ್ಲಿ ಕೂಡುವುದನ್ನು ಇಲ್ಲಿ ಹಲವರು ಕಂಡಿದ್ದಾರೆ.

ಇದನ್ನೆಲ್ಲ ಬರೆಯುವಾಗ ಒಂದು ಆತಂಕವೂ ಇದೆ. ಆನೆಯ ಜಾಗ ಎಲ್ಲರಿಗೂ ತೆರೆದಿಟ್ಟರೆ ಎಚ್ಚರವಾಗಿರುವವರ ಜೊತೆಗೆ ಫೋಟೊ ತೆಗೆಯುವವರೂ ಪಟಾಕಿ ಹಿಡಿದವರೂ ಅಲ್ಲಿ ಸೇರುತ್ತಾರೆ. ಮರಿ ಇರುವ ಹಿಂಡು ಜನರ ನಡುವೆ ಸಿಕ್ಕಿಬಿದ್ದರೆ ಏನಾಗುತ್ತದೆಂದು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ವಿಕೇಂದ್ರೀಕೃತ ಜಾಲದಲ್ಲಿ ಬರೆದದ್ದನ್ನು ಅಳಿಸಿದರೆ ಉಳಿದ ಸರ್ವರ್‌ಗಳಿಗೆ ಹೋಗುವುದು ಅಳಿಸಿ ಎಂಬ ಕೋರಿಕೆ ಮಾತ್ರ. ಪಾಲಿಸದ ಸರ್ವರ್‌ನಲ್ಲಿ ಅದು ಉಳಿದೇ ಇರುತ್ತದೆ. ಹೆಜ್ಜೇನು ಮರವಾಗಲಿ, ಮಂಗಟ್ಟೆಯ ಗೂಡಾಗಲಿ, ಆನೆ ಮರಿ ಹಾಕಿದ ಜಾಗವಾಗಲಿ, ಇವು ಲೋಕಕ್ಕೆಲ್ಲ ಹಂಚುವ ಸುದ್ದಿಯಲ್ಲ. ಹೋಬಳಿಯ ಗಡಿ ದಾಟದ ಸುದ್ದಿಗೆ ಹೋಬಳಿಯಷ್ಟೇ ಅಗಲದ ಜಾಲ ಸಾಕು. ಅಂಥದ್ದು ಅಸಾಧ್ಯವೂ ಅಲ್ಲ. ನ್ಯೂಜಿಲೆಂಡ್‌ನಲ್ಲಿ ದೋಣಿಯಲ್ಲಿ ವಾಸಿಸುತ್ತಿದ್ದ ಡೊಮಿನಿಕ್ ಟಾರ್ ಕಟ್ಟಿದ ಸ್ಕಟಲ್‌ಬಟ್‌ನಲ್ಲಿ, ಇಂಟರ್ನೆಟ್ ಇಲ್ಲದಾಗಲೂ ಹತ್ತಿರ ಬಂದ ಯಂತ್ರಗಳು ತಮ್ಮಲ್ಲೇ ಸುದ್ದಿ ಹಂಚಿಕೊಳ್ಳುತ್ತವೆ. ಲೋರಾ ರೇಡಿಯೊಗಳು ಸಿಮ್ ಇಲ್ಲದೆಯೂ ಚಿಕ್ಕ ಸಂದೇಶವನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಜ್ ತರಂಗಕ್ಕೆ ಪರವಾನಗಿ ಬೇಕಿಲ್ಲ. ಮುಂಗಾರಿನಲ್ಲಿ ತೊಯ್ದ ಎಲೆಗಳು ಅದನ್ನೂ ಹೀರುತ್ತವೆ, ಹಾಗಾಗಿ ದಿಣ್ಣೆಯ ಮೇಲೊಂದು, ಕಣದ ಛಾವಣಿಯ ಮೇಲೊಂದು ಇಡಬೇಕಾಗುತ್ತದೆ.

ಹಾಸನದ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ಮಲೆನಾಡಿನ ಮಕ್ಕಳು ಸಾಕಷ್ಟಿದ್ದಾರೆ. ಅವರಲ್ಲಿ ನನ್ನ ಕೋರಿಕೆ ಇದು. ನೀವು ಕಟ್ಟುವ ಜಾಲವನ್ನು ಕಾಲೇಜಿನ ವೈಫೈನಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ಒಂದು ಹಳೆಯ ಫೋನು ತೆಗೆದುಕೊಂಡು ಕುಯ್ಲಿನ ಕಾಲದಲ್ಲಿ ಬಿಕ್ಕೋಡಿನ ತಗ್ಗಿಗೆ ಬನ್ನಿ, ಅಲ್ಲಿ ಪುಟ ತೆರೆಯುತ್ತದೆಯೇ ನೋಡಿ. ಸುದ್ದಿಯ ಮೊದಲ ಸಾಲಿನಲ್ಲಿ, ಉಳಿದೆಲ್ಲಕ್ಕಿಂತ ದೊಡ್ಡದಾಗಿ, ಅದನ್ನು ಕಣ್ಣಾರೆ ಕಂಡ ಹೊತ್ತು ಬರಲಿ. ಎಷ್ಟು ಸಲ ರವಾನೆಯಾದರೂ ಆ ಹೊತ್ತು ಬದಲಾಗದಿರಲಿ. ಕೆಲವು ಗಂಟೆಗಳ ನಂತರ ಸುದ್ದಿ ತಾನಾಗಿ ಮಸುಕಾಗಿ ಅಳಿಯಲಿ. ಓದು ಬಾರದವರಿಗೆ ಧ್ವನಿ ಇರಲಿ, ಅಸ್ಸಾಮಿಯಲ್ಲೂ ಇರಲಿ. ಇಂಥ ಜಾಲ ಸಿದ್ಧವಾಗುವವರೆಗೆ, ಗುಂಪಿಗೆ ಆನೆಯ ಸುದ್ದಿ ಹಾಕುವ ಪ್ರತಿಯೊಬ್ಬರೂ ನೋಡಿದ ಗಂಟೆ ಮತ್ತು ತೋಟದ ಹೆಸರನ್ನು ಮೊದಲು ಬರೆಯಿರಿ. ಗಂಟೆ ಇಲ್ಲದ ಸುದ್ದಿಯನ್ನು ಮುಂದಕ್ಕೆ ಕಳಿಸಬೇಡಿ.